ತಂಗಿಗೆ ಹೇಳಬೇಕಾದ ಮಾತು

ಈಜು ಕಲಿಸುವ ಟೀಚರ್ ಅಂದೂ ಮುಖ ತಿರುಗಿಸಿಕೊಂಡು ಹೊರಟಿದ್ದಳು. ಶಾಲಾ ಬಸ್ಸಿನ ಡ್ರೈವರ್ ಈ ಸಲ ಬಿಡಲಿಲ್ಲ. ಕೊಳದ ಪಕ್ಕದ ಬೆಂಚಿನ ಬಳಿ ಅಡ್ಡ ಬಂದು ನಿಂತ.

"ನನ್ನ ಬಸ್ಸಿನ ಹಾರ್ನ್ ಕೆಟ್ಟಿಲ್ಲ, ಟೀಚರ್. ನಿಮಗೇ ಕಿವಿ ಕೇಳ್ತಿಲ್ಲ."

ಮೊದಲಾಗಿದ್ದರೆ ಆಕೆ ಅವನ ಮೇಲೆ ನೀರು ಎರಚುತ್ತಿದ್ದಳು. ಮಕ್ಕಳನ್ನು ಇಳಿಸಿ ಆತ ಗ್ಯಾಲರಿಯಲ್ಲಿ ಕೂತು ಕದ್ದು ನೋಡುವುದು, ಆಕೆ ಸೀಟಿ ಊದುವ ನೆಪದಲ್ಲಿ ಅತ್ತ ತಿರುಗುವುದು, ಕಣ್ಣಿಗೆ ಕಣ್ಣು ಸಿಕ್ಕಿಬಿದ್ದರೆ ಇಬ್ಬರೂ ಗೋಡೆ ನೋಡುವುದು ಬಹುಕಾಲದಿಂದ ನಡೆದಿತ್ತು. ಒಮ್ಮೆ ಪುಟಾಣಿಯೊಬ್ಬಳ ಒದ್ದೆ ತಲೆ ಒರೆಸುತ್ತಾ ಆತ, "ನಮಗೂ ಇಂಥವಳೊಬ್ಬಳು ಇರ್ಬೇಕು" ಎಂದುಬಿಟ್ಟಿದ್ದ. 'ನಮಗೂ' ಎಂದದ್ದಕ್ಕೆ ಆಕೆಯ ಕೆನ್ನೆ ಕೆಂಪಾಗಿತ್ತು.

ಆಮೇಲೊಂದು ದಿನ ತಪಾಸಣೆಗೆ ಹೋದ ಆಕೆಯನ್ನು ಡಾಕ್ಟರು ಕರೆದು ಕೂರಿಸಿ ಮಾತಾಡಿದ್ದರು. ಅಂದಿನಿಂದ ಆಕೆ ಅವನತ್ತ ನೋಡುವುದನ್ನೇ ಬಿಟ್ಟಿದ್ದಳು.

"ಬೇರೆ ಯಾರಾದ್ರೂ ಇದ್ದಾರಾ? ಇದ್ರೆ ಹೇಳಿ, ನಾನು ಅಡ್ಡ ಬರೋನಲ್ಲ," ಎಂದ ಡ್ರೈವರ್.

"ಯಾರೂ ಇಲ್ಲ." ಆಕೆ ಬೆಂಚಿನ ತುದಿಯಲ್ಲಿ ಕೂತಳು. "ನಂಗೆ ಮುಟ್ಟು ನಿಂತುಹೋಗಿದೆ. ಆಯಾಸಕ್ಕೆ ಹೀಗಾಗಿದೆ ಅಂದ್ಕೊಂಡಿದ್ದೆ. ಅಂಡಾಶಯ ಈಗಲೇ ಸೋತುಹೋಗಿದೆಯಂತೆ. ಅಮ್ಮನ ಕಡೆಯಿಂದ ಬಂದ ಜೀನ್‌ನಲ್ಲೇ ಏನೋ ವ್ಯತ್ಯಾಸ. ಮಕ್ಕಳಾಗೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅಂದ್ರು."

ಹೇಳುತ್ತಿದ್ದಂತೆ ಆಕೆಗೆ ಅಮ್ಮನ ತಂಗಿ, ಚಿಕ್ಕಮ್ಮ, ನೆನಪಾದಳು. ಅವಳಿಗೂ ಹೀಗೇ ಆಗಿತ್ತು. ಬಂಜೆ ಎಂದು ಗಂಡನ ಮನೆಯವರು ಆಚೆ ಹಾಕಿದ್ದರು. ಕಾರಣ ಹುಟ್ಟಿನಲ್ಲೇ ಇತ್ತೆಂದು ತಿಳಿಯದೆ ಚಿಕ್ಕಮ್ಮ ಸಾಯುವವರೆಗೂ ತನ್ನನ್ನೇ ಶಪಿಸಿಕೊಂಡಿದ್ದಳು.

ಆತ ಪಕ್ಕದಲ್ಲಿ ಬಂದು ಕೂತ. "ಪರವಾಗಿಲ್ಲ ಅಂದ್ರೆ ಸುಳ್ಳಾಗುತ್ತೆ. ನಂಗೆ ಆಸೆ ಇತ್ತು. ತುಂಬಾ ಇತ್ತು."

"ಅದಕ್ಕೇ, ಬೇರೆ ಹುಡುಗಿ ನೋಡ್ಕೊಳ್ಳಿ."

"ಮೊದಲು ಅಳೋಕೆ ಬಿಡಿ. ಜಗಳ ಆಮೇಲೆ ಆಡೋಣ."

ಇಬ್ಬರೂ ಅತ್ತರು. ಇದ್ದದ್ದು ಒಂದೇ ಟವೆಲ್, ಅದೂ ಒದ್ದೆ. ಅದನ್ನೇ ಒಬ್ಬರಿಗೊಬ್ಬರು ಕೊಟ್ಟುಕೊಂಡರು.

"ನಿಮ್ಮ ತಂಗಿಗೆ ಗೊತ್ತಾ?" ಎಂದು ಕೇಳಿದ.

"ಇಲ್ಲ. ಅವಳಿಗೂ ಆ ಜೀನ್ ಬಂದಿರಬಹುದು, ಬರದೆಯೂ ಇರಬಹುದು. ಈಗಲೇ ಪರೀಕ್ಷೆ ಮಾಡಿಸಿದ್ರೆ, ಬೇಕಾದ್ರೆ ಅಂಡಗಳನ್ನ ತೆಗೆದು ಕಾಪಾಡಿ ಇಡಬಹುದಂತೆ. ಹೇಳೋಕೆ ಹೋದ್ರೆ ಬಾಯೇ ಬರಲ್ಲ."

"ನಡೀರಿ, ನಾನೂ ಬರ್ತೀನಿ."

"ಯಾರು ಅಂತ ಬರ್ತೀರಿ?"

ಆತ ಆಕೆಯ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೊರಟ.

ಬಾಗಿಲು ತೆರೆದ ತಂಗಿ ಅಕ್ಕನ ಹಿಂದೆ ನಿಂತವನನ್ನು ನೋಡಿ ಹುಬ್ಬು ಕುಣಿಸಿದಳು. "ಅಂತೂ ಕರ್ಕೊಂಡು ಬಂದೆ. ಭಾವ ಅನ್ನಲಾ, ಇನ್ನೂ ಕಾಯಬೇಕಾ?"

"ಕಾಯೋದೇನಿಲ್ಲಮ್ಮ, ಅನ್ನು," ಎಂದ ಆತ, ಅಕ್ಕನನ್ನೇ ನೋಡುತ್ತಾ.

ಆ ಮಾತಿಗಾಗಿ ಆಕೆ ಎಷ್ಟೋ ದಿನ ಕಾದಿದ್ದಳು, ಅದನ್ನು ಸವಿಯಲು ಮಾತ್ರ ಈಗ ಪುರುಸೊತ್ತಿರಲಿಲ್ಲ. ತಂಗಿ ನಗುತ್ತಲೇ ಇದ್ದಳು. ಆ ನಗು ಇನ್ನೊಂದು ಗಳಿಗೆ ಇರಲಿ ಎಂದು ಆಕೆ ಚಪ್ಪಲಿಯನ್ನು ನಿಧಾನವಾಗಿ ಬಿಚ್ಚಿದಳು. ಆಮೇಲೆ ತಂಗಿಯ ಕೈ ಹಿಡಿದು, "ಕೂತ್ಕೋ ಪುಟ್ಟಿ. ನಿನ್ನ ಹತ್ರ ಮಾತಾಡ್ಬೇಕು," ಎಂದಳು.