ಚಂದ್ರಹಾಸನ ಸನ್

ಮಾಚೇನಹಳ್ಳಿಯಲ್ಲಿ ಸಂಗೀತ ತಂಡ ತಾಲೀಮು ಮಾಡುವ ಶೆಡ್ಡಿನ ಬಾಗಿಲಲ್ಲಿ ರಂಜಿನಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಬೇಸ್ ಗಿಟಾರಿನ ಮಲ್ಲಿಕ್‌ನ ಪಿಸುಮಾತು ಕೇಳಿಸಿತು.

"ಚಂದ್ರಂದು ಒಂದು ಸನ್ ಇದೆ ಅಂತ ರಂಜಿನಿಗೆ ಇನ್ನೂ ಗೊತ್ತಿಲ್ಲ ಕಣೋ. ಭದ್ರಾವತೀಲೇ ಇಟ್ಟಿದಾನೆ. ನೀನು ಬಾಯಿಬಿಡಬೇಡ."

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಚಂದ್ರಹಾಸನಿಗೆ ಮಗ! ಇದೇ ಚಂದ್ರಹಾಸ ಹಿಂದಿನ ದಿನವಷ್ಟೇ ಡ್ರಮ್ಮಿನ ಕೋಲು ತಿರುಗಿಸುತ್ತ, ನೆಲ ನೋಡುತ್ತ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. "ಕ್ಯಾಸೆಟ್ ರೆಕಾರ್ಡಿಂಗ್ ಮುಗೀಲಿ, ಹೇಳ್ತೀನಿ" ಎಂದು ಇವಳು ಸತಾಯಿಸಿದ್ದಳು. ಹೇಳಬೇಕಾದದ್ದು 'ಹೂಂ' ಎಂದೇ ಇತ್ತು.

ಶಿವಮೊಗ್ಗದಲ್ಲಿ ಭಾವಗೀತೆಗಳಿಗೆ ಕೀಬೋರ್ಡ್ ನುಡಿಸಿಕೊಂಡಿದ್ದವಳನ್ನು ಈ ಆಫ್ರೋ-ಕ್ಯೂಬನ್ ಜಾಝ್ ತಂಡಕ್ಕೆ ಎಳೆದು ತಂದವನೂ ಅವನೇ. ಕ್ಯಾಸೆಟ್ಟಿನ ಟ್ಯೂನುಗಳೆಲ್ಲ ಅವನ ಸ್ವಂತದವು. ಮದುವೆ ಬ್ಯಾಂಡಿನ ಸಿದ್ದಯ್ಯನ ಕೈಯಲ್ಲಿ ಟ್ರಂಪೆಟ್ಟಿನಲ್ಲಿ ಮಾಂಬೊ ಕುಣಿತದ ಟ್ಯೂನು ನುಡಿಸುವಂತೆ ಮಾಡಿದ್ದ ಪುಣ್ಯಾತ್ಮ. ಅಂಥವನಿಗೆ ಒಂದು ಸುಳ್ಳು ಹೇಳುವುದೇನು ಕಷ್ಟ?

ಆ ವಾರವೆಲ್ಲ ಅನುಮಾನಕ್ಕೆ ಕೈಕಾಲು ಮೂಡಿದವು. ಸಂಜೆಯಾದರೆ ಸಾಕು, ಭದ್ರಾವತಿ ಬಸ್ಸಿಗೆ ಓಡುತ್ತಾನೆ. ಕಣ್ಣು ಕೆಂಪಗಿದೆಯಲ್ಲ ಎಂದು ಸಿದ್ದಯ್ಯ ಕೇಳಿದರೆ, "ರಾತ್ರಿಯೆಲ್ಲ ಮಲಗಕ್ಕೇ ಬಿಟ್ಟಿಲ್ಲ ಮಾರಾಯ" ಎನ್ನುತ್ತಾನೆ, ಅದೂ ನಗುತ್ತ! ಇವಳತ್ತ ತಿರುಗಿದಾಗ ಮಾತ್ರ ಮಾತು ನಿಲ್ಲಿಸುತ್ತಾನೆ. ಹಾಳಾದ ಆ ಓರೆನೋಟ ಈಗಲೂ ಚೆಂದವಾಗಿಯೇ ಇತ್ತು.

ಭಾನುವಾರ ಪಕ್ಕದ ವರ್ಕ್‌ಶಾಪಿನ ಲೇತ್ ಸದ್ದಿರುವುದಿಲ್ಲ, ರೆಕಾರ್ಡಿಂಗ್ ಆವತ್ತೇ.

"ಕೊನೇ ಟ್ಯೂನು ಒಂದು ಬಾಕಿ ಇದೆ" ಎಂದ ಚಂದ್ರಹಾಸ.

"ಮೊದ್ಲು ನಿನ್ನ ಮಗನ ವಿಷಯ ಹೇಳು" ಎಂದಳು ರಂಜಿನಿ.

"ಯಾವ ಮಗ?"

"ಭದ್ರಾವತೀಲಿ ಇಟ್ಟಿದೀಯಲ್ಲ, ನಿನ್ನ ಸನ್. ನಾನೇ ಕೇಳಿಸ್ಕೊಂಡೆ."

ಮಲ್ಲಿಕ್ ಗಿಟಾರು ತಬ್ಬಿಕೊಂಡು ನೆಲಕ್ಕೆ ಕುಸಿದು ನಗತೊಡಗಿದ. "ಅಯ್ಯೋ ಮಾರಾಯ್ತಿ! ಸನ್ ಅಂದ್ರೆ ಒಂದು ಥರದ ಟ್ಯೂನು, ಕ್ಯೂಬಾದವರದ್ದು. ಹಳೇ ಕ್ಯಾಸೆಟ್ ಕವರ್ ಮೇಲೆ ಎಸ್ಸು, ಓ, ಎನ್ನು ಅಂತಿತ್ತು, ನಾವು ಸನ್ ಅಂತ ಓದಿದ್ವಿ. ಅವರು ಏನಂತಾರೋ ದೇವರಿಗೇ ಗೊತ್ತು. ನಿನ್ನ ಕೀಬೋರ್ಡಿಗೇ ಅಂತ, ನಿನ್ನ ಕಣ್ಣಿಗೆ ಬೀಳದ ಹಾಗೆ ಭದ್ರಾವತೀಲಿ ರಾತ್ರಿಯೆಲ್ಲ ಕೂತು ಮಾಡಿದಾನೆ. ಇವತ್ತಿನ ತನಕ ಗುಟ್ಟಾಗಿರ್ಲಿ ಅಂದಿದ್ದ."

ಸಿದ್ದಯ್ಯನಿಗೂ ನಗು ತಡೆಯಲಾಗಲಿಲ್ಲ. ಚಂದ್ರಹಾಸ ಒಬ್ಬನೇ ನಗಲಿಲ್ಲ. ಅವನಿಗೆ ನೋವಾಗಿತ್ತು.

"ವಾರವೆಲ್ಲ ನಾನು ಅಂಥೋನು ಅಂದ್ಕೊಂಡೇ ಇದ್ಯಾ? ಮತ್ತೆ ಇವತ್ತು ಯಾಕೆ ಬಂದೆ? ಜಗಳ ಆಡಕ್ಕಾ?"

"ಜಗಳಾನೂ ಆಡ್ಬೇಕಿತ್ತು."

ರಂಜಿನಿ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಅವನ ಡ್ರಮ್ಮಿನ ಮೇಲಿಟ್ಟಳು. ಅವನು ಬಿಡಿಸಿದ. ಹುಡುಗರ ಅಂಗಿ, ನೀಲಿ ಚೌಕಳಿಯದು, ಬೆಲೆಯ ಚೀಟಿ ಕಿತ್ತಿತ್ತು.

"ಎಷ್ಟು ವರ್ಷದವನೋ ಗೊತ್ತಿರ್ಲಿಲ್ಲ" ಎಂದಳು. "ಬೆಳೆಯೋ ಮಗು ಅಂತ ದೊಡ್ಡದೇ ತಂದೆ."

ಶೆಡ್ಡಿನಲ್ಲಿ ನಗು ನಿಂತಿತು. ಚಂದ್ರಹಾಸ ಅಂಗಿಯನ್ನು ಮಡಿಚಲು ಹೋಗಿ, ಮಡಿಚಲಾಗದೆ, ಹಾಗೇ ಹಿಡಿದುಕೊಂಡ.

"ಹಂಗಾದ್ರೆ ನಾನು ಕೇಳಿದ್ದಕ್ಕೆ ಉತ್ತರ?"

"ಅಂಗಿ ತಂದೋಳನ್ನ ಇನ್ನೂ ಏನು ಕೇಳ್ತೀಯೋ ಮಾರಾಯ?" ಎಂದಳು ರಂಜಿನಿ.