ಸುಧಾರಿಸ್ಕೋ ಅಪ್ಪಾ

"ಬ್ಯಾಗಲ್ಲಿ ಏನಿದೆ ಸಾರ್? ಸ್ವಲ್ಪ ತೆಗೀರಿ."

ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಸೆಕ್ಯೂರಿಟಿಯವನು ಅಪ್ಪನನ್ನು ತಡೆದು ನಿಲ್ಲಿಸಿದ. ಪಾಪ, ಅವನದೇನೂ ತಪ್ಪಿಲ್ಲ. ಬೆಳಬೆಳಗ್ಗೆ ಒಬ್ಬ ದಪ್ಪ ಮನುಷ್ಯ, ಜೊತೆಗೊಬ್ಬಳು ಹುಡುಗಿ, ಬೆನ್ನಿಗೆ ಇಷ್ಟಿಷ್ಟು ದಪ್ಪದ ಬ್ಯಾಗು ಹಾಕಿಕೊಂಡು ಮೆಟ್ಟಿಲು ಹತ್ತುವುದು, ಟ್ರೇನು ಹತ್ತದೆ ಇಳಿಯುವುದು, ಮತ್ತೆ ಹತ್ತುವುದು ಮಾಡುತ್ತಿದ್ದರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ.

ಅಪ್ಪ ಜಿಪ್ ಎಳೆದ. ಒಳಗೆ ಅಕ್ಕಿ ಇತ್ತು. ರಂಜಿನಿಯ ಬ್ಯಾಗಿನಲ್ಲಿ ತೊಗರಿಬೇಳೆ.

"ರೇಷನ್ ಹೊತ್ಕೊಂಡು ಇಲ್ಯಾಕೆ ಓಡಾಡ್ತಿದೀರಾ ಸಾರ್?"

ಉತ್ತರ ಹೇಳಲು ಅಪ್ಪನಿಗೆ ಉಸಿರೇ ಇರಲಿಲ್ಲ. ಟ್ರೆಕ್ಕಿಂಗಿಗೆ ಪ್ರಾಕ್ಟೀಸ್ ಮಾಡ್ತಿದೀವಿ ಎಂದು ರಂಜಿನಿಯೇ ಹೇಳಬೇಕಾಯಿತು. ಅವನು ನಕ್ಕ. ನಕ್ಕಿದ್ದು ಆಯಿತು ಎನ್ನುವಷ್ಟರಲ್ಲಿ, ಇಲ್ಲೆಲ್ಲ ಹಾಗೆ ಮಾಡೋ ಹಾಗಿಲ್ಲ, ಬೇರೆ ಜಾಗ ನೋಡ್ಕೊಳ್ಳಿ ಎಂದು ಇಬ್ಬರನ್ನೂ ಕೆಳಗೆ ಕಳಿಸಿಬಿಟ್ಟ.

ವಿಷಯ ಏನೆಂದರೆ, ಅಪ್ಪನ ಆಫೀಸಿನ ಗಿರಿರಾಜ್ ಅಂಕಲ್ ಡಿಸೆಂಬರ್ ರಜೆಯಲ್ಲಿ ಒಂದು ಗುಂಪು ಕಟ್ಟಿಕೊಂಡು ಘಟ್ಟದ ಕಡೆ ಹೊರಟಿದ್ದರು. ಹಗಲೆಲ್ಲ ಕಾಡಿನಲ್ಲಿ ನಡೆಯುವುದು, ರಾತ್ರಿ ಟೆಂಟಿನಲ್ಲಿ ಮಲಗುವುದು, ಬೆಳಗಾದರೆ ಮತ್ತೆ ನಡೆಯುವುದು. ಟೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರಂಜಿನಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಅಂಕಲ್ ಬೇಡ ಎನ್ನಲಿಲ್ಲ. ಆದರೆ ಒಂದು ಕಂಡೀಷನ್ ಹಾಕಿದರು. ಅವರವರ ಬ್ಯಾಗು ಅವರವರೇ ಹೊರಬೇಕು. ಮೊದಲು ತುರಹಳ್ಳಿ ಗುಡ್ಡ ಹತ್ತಿಸಿ ನೋಡುತ್ತಾರೆ. ಆಗದವರು ಮನೆಯಲ್ಲೇ ಇರಬೇಕು.

ಒಬ್ಬಳನ್ನೇ ಕಳಿಸುವ ಮಾತೇ ಇಲ್ಲ ಎಂದು ಅಮ್ಮ ಬೇರೆ ಹೇಳಿದ್ದಳು. ಅಂದರೆ ಅಪ್ಪ ಪಾಸಾದರೆ ಮಾತ್ರ ರಂಜಿನಿಗೆ ಟೆಂಟು. ಅಪ್ಪನೋ, ಮನೆಯಿಂದ ಸ್ಕೂಟರಿಗೆ, ಸ್ಕೂಟರಿನಿಂದ ಕುರ್ಚಿಗೆ ನಡೆದವನೇ ಹೊರತು ಬೇರೆ ನಡಿಗೆ ಕಂಡವನಲ್ಲ. ಸ್ಕೂಲಿನ ಓಟದಲ್ಲಿ ಯಾವಾಗಲೂ ಮೊದಲು ಬರುವ ರಂಜಿನಿಗೆ ಈ ಚಿಂತೆಯಲ್ಲಿ ನಿದ್ದೆ ಕೂಡ ಸರಿಯಾಗಿ ಬರುತ್ತಿರಲಿಲ್ಲ.

ಪ್ರಾಕ್ಟೀಸಿಗೆ ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. ಪಾರ್ಕಿನಲ್ಲಿ ಸುತ್ತಿದ ಕಡೆಯೇ ಸುತ್ತಿ ತಲೆ ತಿರುಗಿತು. ಮೈಸೂರು ರೋಡಿನಲ್ಲಿ ಫುಟ್‌ಪಾತ್ ಇದ್ದ ಕಡೆ ಬೈಕುಗಳಿದ್ದವು, ಬೈಕಿಲ್ಲದ ಕಡೆ ಫುಟ್‌ಪಾತೇ ಇರಲಿಲ್ಲ. ಜ್ಞಾನಭಾರತಿಯ ಮರಗಳ ನಡುವಿನ ದಾರಿ ಚೆನ್ನಾಗಿತ್ತು, ಆದರೆ ಹತ್ತಲು ಏರು ಬೇಕಲ್ಲ? ಮೆಟ್ರೋ ಮೆಟ್ಟಿಲಿನ ಕತೆಯಂತೂ ಗೊತ್ತೇ ಇದೆ. ಕೊನೆಗೆ, ಪರೀಕ್ಷೆ ನಡೆಯುವ ತುರಹಳ್ಳಿಯಲ್ಲೇ ಒಮ್ಮೆ ಹತ್ತಿ ನೋಡೋಣ ಎಂದು ಅಪ್ಪ ಹೇಳಿದ.

ಭಾನುವಾರ ಹೊರಡುವಾಗ ಬೋರಮ್ಮಜ್ಜಿ ಬಾಗಿಲಿಗೆ ಬಂದಳು. ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಧಾನ ಕಣಪ್ಪ ಸಂಪತ್ತು. ಸುಧಾರಿಸ್ಕೊಂಡು ಹೋಗು" ಎಂದಳು.

ಆ ಮಾತು ರಂಜಿನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವಾರವಷ್ಟೇ ಪೇರೆಂಟ್ಸ್ ಮೀಟಿಂಗಿನಲ್ಲಿ ಕನ್ನಡ ಮಿಸ್ ಎಲ್ಲರ ಎದುರಿಗೇ, ರಂಜಿನಿ ಕನ್ನಡದಲ್ಲಿ ತುಂಬಾ ಸುಧಾರಿಸ್ಕೋಬೇಕು ಎಂದಿದ್ದರು. ಅಂದರೆ ಈಗ ಮಾಡುತ್ತಿರುವುದು ಸಾಲದು, ಇನ್ನೂ ಚೆನ್ನಾಗಿ ಮಾಡು ಎಂದು. ಅಜ್ಜಿಯ ಕಣ್ಣಿಗೂ ಅಪ್ಪ ಸಾಲದು ಅನ್ನಿಸಿದೆ ಎಂದುಕೊಂಡಳು ರಂಜಿನಿ.

ತುರಹಳ್ಳಿಯಲ್ಲಿ ನೀಲಗಿರಿ ಮರಗಳ ನಡುವೆ ಮಣ್ಣಿನ ದಾರಿ. ಅದು ಮುಗಿದ ಮೇಲೆ ಬಂಡೆಗಳ ಏರು. ರಂಜಿನಿ ಚಕಚಕ ಹತ್ತಿದಳು. ತಿರುಗಿ ನೋಡಿದರೆ ಅಪ್ಪ ಎಲ್ಲೋ ಕೆಳಗೆ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಸುಧಾರಿಸ್ಕೋ ಅಪ್ಪಾ" ಎಂದು ಕೂಗಿದಳು.

ಅಪ್ಪ ತಲೆ ಎತ್ತಿ ನೋಡಿದ. ಮುಖ ಅರಳಿತು. "ಹೂಂ ಕಣಮ್ಮ" ಎಂದವನೇ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟ.

ರಂಜಿನಿಗೆ ಮೈಯೆಲ್ಲ ಉರಿಯಿತು. ಬೇಗ ಹತ್ತು ಅಂದರೆ ಆರಾಮಾಗಿ ಕೂತ್ಕೊಳ್ಳೋದಾ? ಅಪ್ಪ ಎದ್ದು ನಾಲ್ಕು ಹೆಜ್ಜೆ ಹತ್ತಿದ ಮೇಲೆ ಮತ್ತೆ ಹೇಳಿದಳು, ಈ ಸಲ ಇನ್ನೂ ಜೋರಾಗಿ. ಅಪ್ಪ ಮತ್ತೆ ಕೂತ. ನೀರು ಕುಡಿದು ಅವಳ ಕಡೆ ಕೈ ಕೂಡ ಬೀಸಿದ. ಅವಳು ಹೇಳಿದಷ್ಟು ಸಲವೂ ಇದೇ ಗತಿ. ಹೇಗೋ ಇಬ್ಬರೂ ಮೇಲೆ ತಲುಪಿದರು, ಆದರೆ ರಂಜಿನಿ ಮನೆಗೆ ಬರುವವರೆಗೂ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಟೆಂಟು ಕೈಬಿಟ್ಟು ಹೋಯಿತು ಎಂದೇ ಅವಳಿಗೆ ಅನ್ನಿಸಿತ್ತು.

ಊಟವಾದ ಮೇಲೆ ಅಪ್ಪ ಹಿತ್ತಲ ಬಾಗಿಲ ಹತ್ತಿರ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಅಜ್ಜಿ ಪಕ್ಕದಲ್ಲಿದ್ದಳು. ರಂಜಿನಿ ಒಳಗೆ ಹೋಂವರ್ಕ್ ಮಾಡುತ್ತಿದ್ದಳು. ಮಾತು ಕಿವಿಗೆ ಬೀಳುತ್ತಿತ್ತು.

"ಮಗು ಎಷ್ಟು ಸೂಕ್ಷ್ಮ ಗೊತ್ತಾ ಅಮ್ಮ" ಎಂದು ಅಪ್ಪ ಮೆಲ್ಲಗೆ ಹೇಳುತ್ತಿದ್ದ. "ನಂಗೆ ಎದೆ ಬಡ್ಕೊಳ್ತಿತ್ತು. ಅವಳ ಮುಂದೆ ಆಗಲ್ಲ ಅನ್ನೋಕೆ ನಾಚಿಕೆ. ತಾನೇ ನೋಡಿ ನೋಡಿ ಸುಧಾರಿಸ್ಕೋಪ್ಪಾ, ಸುಧಾರಿಸ್ಕೋಪ್ಪಾ ಅಂತಿದ್ಲು. ಅವಳು ಹಾಗೆ ಹೇಳ್ದೇ ಇದ್ದಿದ್ರೆ ಅರ್ಧಕ್ಕೇ ವಾಪಸ್ ಬಂದ್ಬಿಡ್ತಿದ್ದೆ."

ರಂಜಿನಿಯ ಪೆನ್ಸಿಲ್ ನಿಂತಿತು.

ಅಪ್ಪ ಒಳಗೆ ಹೋಗಿ ಮಲಗಿದ ಮೇಲೆ ಅವಳು ಅಜ್ಜಿಯ ಪಕ್ಕ ಹೋಗಿ ಕೂತಳು. 

"ಅಜ್ಜಿ, ಸುಧಾರಿಸ್ಕೊಳ್ಳೋದು ಅಂದ್ರೆ ಏನು?"

"ಇದೇನೇ ಹಿಂಗ್ ಕೇಳ್ತೀಯಾ? ಸುಸ್ತಾದಾಗ ಒಂದ್ ಗಳಿಗೆ ಕೂತು ಉಸಿರು ತಗೊಳ್ಳೋದು ಕಣೇ" ಎಂದಳು ಅಜ್ಜಿ.

ಕನ್ನಡ ಮಿಸ್ ಹೇಳಿದ್ದು ಏನೂ ಸುಳ್ಳಲ್ಲ ಎಂದು ರಂಜಿನಿಗೆ ಆಗ ಗೊತ್ತಾಯಿತು. ಆದರೆ ನಗು ಬರಲಿಲ್ಲ. ತಾನು ಬೈದದ್ದನ್ನೆಲ್ಲ ಅಪ್ಪ ಪ್ರೀತಿ ಎಂದುಕೊಂಡಿದ್ದ. ಎದೆ ಬಡಿದುಕೊಳ್ಳುತ್ತಿದ್ದರೂ ಅವಳಿಗೋಸ್ಕರ ಎದ್ದೆದ್ದು ಹತ್ತಿದ್ದ. ಅವಳಿಗೆ ತುಂಬಾ ನಾಚಿಕೆಯಾಯಿತು, ಅಳುವೂ ಬಂತು. ಅಪ್ಪನಿಗೆ ಹೇಳಿಬಿಡಲೇ ಎಂದು ರೂಮಿನವರೆಗೆ ಹೋದಳು. ಅಪ್ಪ ಗೊರಕೆ ಹೊಡೆಯುತ್ತಿದ್ದ. ಹಾಗೇ ವಾಪಸ್ ಬಂದಳು.

ಮುಂದಿನ ಭಾನುವಾರ ಪರೀಕ್ಷೆ ಮಾಡಲು ಗಿರಿರಾಜ್ ಅಂಕಲ್ ತುರಹಳ್ಳಿಗೆ ಬಂದರು. ತೆಳ್ಳಗಿನ ಮನುಷ್ಯ, ಮಾತಾಡುತ್ತಲೇ ಸರಸರ ಹತ್ತುವವರು. ಅವರ ಹಿಂದೆಯೇ ರಂಜಿನಿ, ಅವಳ ಹಿಂದೆ ಅಪ್ಪ. ಬಂಡೆಗಳ ಏರಿಗೆ ಬಂದಾಗ ರಂಜಿನಿ ತಿರುಗಿದಳು. ಅಪ್ಪನ ಮುಖ ಕೆಂಪಾಗಿತ್ತು, ಶರ್ಟು ಬೆವರಿಗೆ ಅಂಟಿಕೊಂಡಿತ್ತು. ಆದರೂ ಬಾಯಿ ಬಿಡುತ್ತಿರಲಿಲ್ಲ. ಆಫೀಸಿನ ಸ್ನೇಹಿತನ ಎದುರಿಗೆ ಹೇಗೆ ಹೇಳುತ್ತಾನೆ?

ಸುಧಾರಿಸ್ಕೋ ಅಪ್ಪಾ ಎಂದು ಕೂಗಲು ರಂಜಿನಿ ಬಾಯಿ ತೆರೆದಳು. ಹಾಗೆ ಕೂಗಿದರೆ ಸಾಕು, ಅಪ್ಪನಿಗೆ ಸುಸ್ತಾಗಿದೆ ಎಂದು ಅಂಕಲ್‌ಗೆ ಗೊತ್ತಾಗುತ್ತದೆ. ಅವಳು ಬ್ಯಾಗು ಕೆಳಗಿಟ್ಟಳು.

"ಅಂಕಲ್, ನಂಗೆ ಆಗ್ತಿಲ್ಲ. ಸ್ವಲ್ಪ ಸುಧಾರಿಸ್ಕೊಳ್ತೀನಿ."

ಅಂಕಲ್ ತಿರುಗಿ ನೋಡಿ, ಇಷ್ಟಕ್ಕೇ ಸುಸ್ತಾ ಎಂದು ಕೇಳಿದರು. ಹೂಂ ಎಂದು ಅವಳು ಬಂಡೆಯ ಮೇಲೆ ಕೂತಳು. ಅಪ್ಪ ಬಂದು ಪಕ್ಕದಲ್ಲಿ ಕುಸಿದ. ಬಾಟಲಿ ತೆಗೆದು ಮಗಳ ಮುಂದೆ ಹಿಡಿದವನು ಅವಳ ಮುಖವನ್ನು ನೋಡಿದ. ಅಲ್ಲಿ ಒಂದು ಹನಿ ಬೆವರೂ ಇರಲಿಲ್ಲ. ಅಪ್ಪ ನೋಡುತ್ತಲೇ ಇದ್ದ. ರಂಜಿನಿ ಬಾಟಲಿಯನ್ನು ಅವನ ಕಡೆಗೇ ತಳ್ಳಿದಳು.

ಮುಂದೆಯೂ ಅಲ್ಲಲ್ಲಿ ಅವಳಿಗೆ ಸುಸ್ತಾಯಿತು. ಅಂತೂ ಮೂವರೂ ಮೇಲೆ ತಲುಪಿದರು. ಅಂಕಲ್ ಕೆಳಗೆ ಹರಡಿದ್ದ ಲೇಔಟುಗಳನ್ನು ನೋಡುತ್ತಾ ಸ್ವಲ್ಪ ಯೋಚಿಸಿದರು.

"ಆಯ್ತು ಸಂಪತ್, ಇಬ್ರೂ ಬನ್ನಿ. ಆದ್ರೆ ನಿನ್ ಮಗಳು ಸ್ವಲ್ಪ ವೀಕು ಕಣೋ. ಮುಂದೆ ನಡೆಯೋ ಬ್ಯಾಚ್ ಬೇಡ. ನಿನ್ ಜೊತೆ ಹಿಂದೆ ನಿಧಾನಕ್ಕೆ ಬರೋ ಬ್ಯಾಚಲ್ಲಿ ಬರ್ಲಿ."

ವೀಕು! ರಂಜಿನಿಯ ಕಿವಿ ಬಿಸಿಯಾಯಿತು. ಬೇಕಾದರೆ ಈಗಲೇ ಕೆಳಗೆ ಹೋಗಿ ಓಡಿ ಬರಬಲ್ಲೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ ಬಾಯಿ ತೆರೆದ.

"ಅಲ್ಲ ಗಿರಿ, ಅದೇನಂದ್ರೆ..."

ರಂಜಿನಿ ಅಪ್ಪನ ಕಿರುಬೆರಳು ಹಿಡಿದು ಎಳೆದಳು.

"ಆಯ್ತು ಅಂಕಲ್, ಹಿಂದೇನೇ ಬರ್ತೀನಿ" ಎಂದಳು.

 ಅಪ್ಪ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಳಿಯುವಾಗ ಅಂಕಲ್ ಮುಂದೆ ಹೋದರು. ರಂಜಿನಿ ಓಡಲಿಲ್ಲ. ಅಪ್ಪ ಎಲ್ಲಿ ಕಾಲಿಡುತ್ತಾನೆ ಎಂದು ನೋಡಿಕೊಳ್ಳುತ್ತಾ, ಅವನ ಹಿಂದೆಯೇ ನಿಧಾನವಾಗಿ ಇಳಿದಳು.