ಬಿಸಿಲು ಕಾಣದ ಕುಡಿಕೆ

ನೆಲಮಾಳಿಗೆಯ ಮಣ್ಣು ಕೆದಕಬೇಡಿ ಎಂದು ಪಕ್ಕದ ಮನೆಯ ಮುದುಕಿ ಸಲೋಮೆ ಹೇಳಿದಾಗ ಓರೆಲಿಯಾನ್ ನಕ್ಕುಬಿಟ್ಟ. ಹೊಸದಾಗಿ ಕೊಂಡ ಆ ಮನೆಯಲ್ಲಿ ಅವನು ಕೆದಕಬಹುದಾದದ್ದೇ ಅದೊಂದು. ಫ್ರಾನ್ಸಿನ ಕೋಲ್ಮಾರ್ ಪಟ್ಟಣದ ಚರ್ಮಗಾರರ ಬೀದಿಯ ನಾನೂರು ವರ್ಷದ ಸಂರಕ್ಷಿತ ಮನೆ. ಕಿಟಕಿಗೆ ಬೇರೆ ಬಣ್ಣ ಬಳಿಯಲೂ ಸರ್ಕಾರದ ಅಪ್ಪಣೆ ಬೇಕು. ಮರದ ತೊಲೆಗಳ ನಡುವೆ ಹುಲ್ಲು ಕಲಸಿದ ಮಣ್ಣಿನ ಗೋಡೆ. ಮೇಲಂತಸ್ತುಗಳು ತೊಟ್ಟಿಲೊಳಗೆ ಇಣುಕುವ ಹೆಂಗಸರಂತೆ ಬೀದಿಗೆ ಬಾಗಿದ್ದವು. ಹಿಂದೆ ಅಟ್ಟದಲ್ಲಿ ಒಣಗಿಸಿದ ತೊಗಲುಗಳ ವಾಸನೆ ಸೆಕೆಗೆ ಇನ್ನೂ ಕೆಳಗಿಳಿಯುತ್ತಿತ್ತು.

ಸಲೋಮೆ ಹುಟ್ಟಿದ್ದು ಆ ಮನೆಯಲ್ಲೇ. ಪ್ಲೇಗಿಗೆ ಕೂಸುಗಳು ಸಾಯತೊಡಗಿದ ಕಾಲದಲ್ಲಿ ಸೂಲಗಿತ್ತಿಯೊಬ್ಬಳು ಮಾಟ ಮಾಡಿ, ಅಲ್ಲಿ ಹುಟ್ಟುವವರ ಉಸಿರನ್ನು, ಹೆರಿಗೆಯಲ್ಲಿ ಕೂಸಿನ ಹಿಂದೆ ಬೀಳುವ ಅವರ ಮಾಸಿಗೇ ಕಟ್ಟಿದ್ದಳಂತೆ. ಮಾಸನ್ನು ಕುಡಿಕೆಯಲ್ಲಿ ಮುಚ್ಚಿ ನೆಲಮಾಳಿಗೆಯಲ್ಲಿ ಹೂಳಬೇಕು. ಬಿಸಿಲು ತಾಗಿದರೆ ಆಯುಷ್ಯ ಮುಗಿಯಿತು.

"ನಂದೂ ಅಲ್ಲೇ ಇದೆ, ಮಸ್ಯೂ," ಎಂದಳು.

"ಯಾವ್ದು ಅಂತ ತೋರ್ಸಿ, ಹೂವಿನ ಗಿಡ ನೆಟ್ಟುಕೊಡ್ತೀನಿ," ಎಂದ ಅವನು. ತುಂಬುಬಸುರಿ ಹೆಂಡತಿ ಮಯೆಲ್ ಕೂಡ ನಕ್ಕಳು.

ಹೇಳಿದಂತೆಯೇ ಮಾಡಿದ. ಚರಂಡಿಗೆಂದು ಅಗೆದಾಗ ಕುಡಿಕೆಗಳು ಸಿಕ್ಕವು. ಒಳಗಿನ ಕರಿಮಣ್ಣು ಹಳೆಯ ನೆತ್ತರಿನಂತೆ ನಾರುತ್ತಿತ್ತು. ಅದನ್ನು ಕಾಲುವೆಗೆ ಸುರಿದು, ಕುಡಿಕೆಗಳಲ್ಲಿ ಜೆರೇನಿಯಂ ನೆಟ್ಟು, ಬೀದಿಯ ಕಿಟಕಿಗಳಲ್ಲಿ ಸಾಲಾಗಿ ಇಟ್ಟ. ಅದೇ ಮಧ್ಯಾಹ್ನ ಸಲೋಮೆ ಹೊಸಿಲಲ್ಲಿ ಕುಸಿದಳು. ಅವಳ ಮಾಸು ಎಂದೋ ಮಣ್ಣಾಗಿದ್ದರಿಂದಲೋ ಏನೋ, ತಕ್ಷಣ ಸಾಯಲಿಲ್ಲ. ಗೋಡೆ ಹಿಡಿದು ಬಂದು, ನೆಲಮಾಳಿಗೆಯಲ್ಲಿ ತನ್ನ ಜಾಗ ಖಾಲಿಯಾಗಿದೆ, ಬೇರೆ ಯಾರದನ್ನಾದರೂ ಬೇಗ ಇಡಬೇಕು ಎಂದು ತಣ್ಣಗೆ ಹೇಳಿಹೋದಳು.

ಮಯೆಲ್‌ಗೆ ದಿನ ತುಂಬುವ ಮೊದಲೇ ನೋವು ಬಂತು. ಸಂತೆಯ ಜನಜಂಗುಳಿಯಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡಿತು. ಅಂಗಿಯ ತೋಳು ಮೇಲೇರಿಸಿಕೊಂಡು ಹೆರಿಗೆ ಮಾಡಿಸಲು ಬಂದವಳು ಸಲೋಮೆ. ಹೆಣ್ಣುಮಗು. ಆ ಗಡಿಬಿಡಿಯಲ್ಲಿ ಮುದುಕಿ ಮಡಿಲಲ್ಲಿ ಏನನ್ನು ಮುಚ್ಚಿಕೊಂಡು ಕೆಳಗಿಳಿದಳೆಂದು ಯಾರೂ ನೋಡಲಿಲ್ಲ.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಸಲೋಮೆಯ ಕೂದಲು ಕಪ್ಪಾಗತೊಡಗಿತು. ಬೆನ್ನು ನೆಟ್ಟಗಾಯಿತು. ತೊಟ್ಟಿಲಲ್ಲಿ ಮಗುವಿನ ಚರ್ಮ ಸುಕ್ಕುಗಟ್ಟಿತು. ವೈದ್ಯರು ಕಾರಣ ತಿಳಿಯದೆ ತಲೆಯಾಡಿಸಿದರು. ಒಂದು ಬೆಳಿಗ್ಗೆ ಮಗುವಿನ ದಿಂಬಿನ ಮೇಲೆ ಉದುರಿದ ಬಿಳಿ ಕೂದಲು ಕಂಡಾಗ ಓರೆಲಿಯಾನ್‌ಗೆ ಎಲ್ಲವೂ ಹೊಳೆಯಿತು: ಖಾಲಿಯಾದ ತನ್ನ ಜಾಗದಲ್ಲಿ ಮುದುಕಿ ಮಗುವಿನ ಮಾಸು ಹೂತು, ಅದರ ಆಯುಷ್ಯ ಕುಡಿಯುತ್ತಿದ್ದಳು.

ನೆಲಮಾಳಿಗೆಗೆ ಓಡಿದ. ಅಗೆದ. ಉಗುರು ಕಿತ್ತುಬಂತು. ಗುದ್ದಲಿ ಕುಡಿಕೆಗೆ ತಾಗಿತು. ಮುಚ್ಚಳ ಒಡೆಯಿತು. ಒಳಗೆ ಏನೋ ಮೆಲ್ಲಗೆ ಮಿಡಿಯುತ್ತಿತ್ತು. ಗಾಳಿಕಿಂಡಿಯ ಬಿಸಿಲು ನೆಲದ ಮೇಲೆ ಹರಿದುಬರುತ್ತಿತ್ತು. ಮಗುವಿನ ಮಾಸಿನ ಕಡೆಗೆ. ಅವನು ಬೋರಲು ಬಿದ್ದ. ಮೈಯಿಂದ ಕುಡಿಕೆ ಮುಚ್ಚಿದ. ಕಿಬ್ಬದಿಯ ಬಳಿ ಇನ್ನೂ ಸಂದಿತ್ತು. ಬಿಸಿಲು ಅಲ್ಲಿಗೇ ಬಂತು. ಮೇಲೆ ಮಗು ಕಿರುಚಿತು.

ಸಲೋಮೆ ಮೆಟ್ಟಿಲಿಳಿದು ಬಂದು ಗಾಳಿಕಿಂಡಿಯ ಪಕ್ಕ ನಿಂತಳು. ಅದರ ಬಾಗಿಲ ಮೇಲೆ ಕೈಯಿಟ್ಟಳು. ಮುಚ್ಚಲಿಲ್ಲ.

"ಮುಚ್ಚಿ," ಎಂದು ಅವನು ಅತ್ತ. "ನಿಮ್ಮ ಕಾಲಿಗೆ ಬೀಳ್ತೀನಿ."

"ನಂಗೆ ಎಂಬತ್ತು ದಾಟಿದೆ, ಅದ್ರ ಜೊತೆ ಸತ್ರೆ ನಷ್ಟ ಏನಿಲ್ಲ," ಎಂದಳು ಸಲೋಮೆ, ಹುಡುಗಿಯ ದನಿಯಲ್ಲಿ. "ಈ ಕೂಸು ಹೆಚ್ಚು ದಿನ ಬರಲ್ಲ, ಮಸ್ಯೂ. ಇನ್ನೊಂದು ಕೂಸು ಯಾವಾಗ ಕೊಡ್ತೀರಿ?"

ಬಿಸಿಲು ಅವನ ಪಕ್ಕೆ ತಾಗಿತು. ಮೇಲಿನ ಕಿರುಚಾಟ ಒಮ್ಮೆಲೇ ಸಣ್ಣಗಾಯಿತು.

"ಮುಂದಿನ ವರ್ಷ," ಎಂದ ಓರೆಲಿಯಾನ್.

ಅವಳು ಬಾಗಿಲು ಮುಚ್ಚಿದಳು.